ಒಬ್ಬನದೇ ಮೇಲುಗೈ ಆದಾಗ: ರೋಲ್‌ಪ್ಲೇ ಆಟದ ಪಾತ್ರಗಳ ತೂಕ ತಪ್ಪಿದರೆ ಎಲ್ಲಿ ಹುಡುಕಬೇಕು

ಟೇಬಲ್ ಸುತ್ತ ಕೂತವರಲ್ಲಿ ಒಬ್ಬರು ಕಾದಾಟದ ಮಧ್ಯೆ ಫೋನ್ ತೆಗೆದು ರೀಲ್ಸ್ ನೋಡಲು ಶುರು ಮಾಡಿದರೆ, ನಿಮ್ಮ ಆಟದಲ್ಲಿ ಎಲ್ಲೋ ತೂಕ ತಪ್ಪಿದೆ ಅಂತ ಲೆಕ್ಕ. ಅವರ ಸರದಿ ಬಂದಾಗ "ಹಾಂ? ಏನಾಯ್ತು ಈಗ?" ಅಂತ ಕೇಳುತ್ತಾರೆ. ಹೇಳುತ್ತೀರಿ. ದಾಳ ಉರುಳಿಸುತ್ತಾರೆ. ಮತ್ತೆ ಫೋನ್. ಎರಡು ವಾರ ಕಳೆದ ಮೇಲೆ ಮನೆಯಲ್ಲಿ ಏನೋ ಕೆಲಸ ಬರುತ್ತದೆ, ಮೂರನೇ ವಾರ ಅವರು ಬರುವುದೇ ಇಲ್ಲ.

ಹಾಸನದ ಸಾಲಗಾಮೆ ರಸ್ತೆಯ ಹತ್ತಿರ, ಒಂದು ಮನೆಯ ಮಹಡಿ ಮೇಲೆ, ಭಾನುವಾರ ಮಧ್ಯಾಹ್ನ ನಾವು ಆಡುತ್ತೇವೆ. ಐದು ಜನ ಆಟಗಾರರು, ಜೊತೆಗೆ ನಾನು. ಒಬ್ಬೊಬ್ಬ ಆಟಗಾರರೂ ಕತೆಯ ಒಂದು ಪಾತ್ರವಾಗಿ ಆಡುತ್ತಾರೆ; ಕತೆ ನಡೆಸುವುದು, ಎದುರಾಳಿಗಳನ್ನು ಆಡಿಸುವುದು ನನ್ನ ಕೆಲಸ. ಅದಕ್ಕೆ ಗೇಮ್ ಮಾಸ್ಟರ್ ಅಂತ ಹೆಸರು, ನಮ್ಮಲ್ಲಿ ಅದು ಮೊದಲ ವಾರವೇ 'ಮೇಷ್ಟ್ರು' ಆಯಿತು. ಈ ಬಗೆಯ ಆಟಕ್ಕೆ ದಾರಿ ಮಾಡಿದ್ದು 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ನಮ್ಮದು ಅದರ ದೂರದ ನೆಂಟ, ಊರಲ್ಲೇ ಬೆಳೆದವನು. ಇಪ್ಪತ್ತು ಮುಖದ ದಾಳ ಉರುಳಿಸಿ, ನಿಮ್ಮ ಬಲ ಕೂಡಿಸಿ, ಎದುರಾಳಿಯ ರಕ್ಷಣೆ ಅಂಕಿ ಮುಟ್ಟಿದರೆ ಏಟು ಬಿತ್ತು. ಹಾನಿ ಎಷ್ಟು ಅಂತ ಹೇಳುವುದು ಇನ್ನೊಂದು ದಾಳ. ಕತೆ ನಡೆಯುವುದು ಬೇಲೂರು, ಬಿಸಿಲೆ ಘಾಟಿ, ಬಾಬಾಬುಡನ್‌ಗಿರಿ ಸುತ್ತಮುತ್ತ. ಪಾತ್ರಗಳು: ಕತ್ತಿ ಹಿಡಿದ ಒಬ್ಬ ದಂಡನಾಯಕ, ಕಲ್ಲಿಗೆ ಜೀವ ಕೊಡುವ ಶಿಲ್ಪಿ, ಮಂಜು ಕರೆಯುವ ಹೆಂಗಸು, ಬಿಲ್ಲು ಹಿಡಿದ ಬೇಟೆಗಾರ್ತಿ, ಒಬ್ಬ ಅಂಬಿಗ. ಶಕ್ತಿಗಳನ್ನೆಲ್ಲ ನಾವೇ ಕಟ್ಟಿದ್ದು. ಹಾಗಾಗಿ ದೋಷಗಳೂ ನಮ್ಮವೇ.

ಮೊದಲು ಕತ್ತರಿ ಕೆಳಗಿಡಿ

"ಅವನ ಪಾತ್ರ ತುಂಬಾ ಜಾಸ್ತಿ ಆಯ್ತು ಮೇಷ್ಟ್ರೇ" ಅಂತ ದೂರು ಬಂದ ಕೂಡಲೇ ಆ ಪಾತ್ರದ ಅಂಕಿ ಕಡಿಮೆ ಮಾಡುವುದು ಎಲ್ಲ ಮೇಷ್ಟ್ರೂ ಮಾಡುವ ತಪ್ಪು. ನಾನು ಒಂದೇ ತಿಂಗಳಲ್ಲಿ ಎರಡು ಸಲ ಮಾಡಿದೆ. ಗಾಡಿ ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ ಮೊದಲು ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ ಅಂತ ಅಲ್ಲಾಡಿಸಿ ನೋಡುತ್ತಾನೆ. ನಾನು ಸೀದಾ ಇಂಜಿನ್ ಬಿಚ್ಚಿ ಕೂತಿದ್ದೆ.

ಬುದ್ಧಿ ಹೇಳಿದ್ದು ಸಕಲೇಶಪುರದಿಂದ ಬರುವ ಗೆಳೆಯ. ಅವರದು ಕಾಫಿ ತೋಟ. ಕೊಯ್ಲಿನ ದಿನಗಳಲ್ಲಿ ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು ಅಂತ ಸಂಜೆ ತೂಕ ಹಾಕಿ ಪುಸ್ತಕದಲ್ಲಿ ಬರೆಯುತ್ತಾರೆ. "ಯಾರು ಜೋರಾಗಿ ಮಾತಾಡ್ತಾರೋ ಅವರೇ ಜಾಸ್ತಿ ಕೊಯ್ದಿದ್ದಾರೆ ಅಂತ ಅನ್ಸುತ್ತೆ ಮಾರಾಯ. ತಕ್ಕಡಿ ಬೇರೆಯದೇ ಹೇಳುತ್ತೆ" ಅಂದ. ಮುಂದಿನ ಮೂರು ವಾರ ನಾನು ಒಂದು ಗೀಟಿನ ನೋಟ್‌ಬುಕ್ ಇಟ್ಟುಕೊಂಡೆ. ಪ್ರತಿ ಸರದಿಗೆ ಒಂದು ಸಾಲು. ಯಾರು ಆಡಿದರು, ಏಟು ಬಿತ್ತಾ, ಎಷ್ಟು ಹಾನಿ, ಎದುರಾಳಿ ಯಾರಾದರೂ ಸರದಿ ಕಳೆದುಕೊಂಡರಾ, ಎಷ್ಟು ನಿಮಿಷ ಹಿಡಿಯಿತು. ಕಾದಾಟದ ಹೊರಗೆ ಯಾವ ಪಾತ್ರದ ಕೆಲಸ ಬೇಕಾಯಿತು ಅನ್ನೋದಕ್ಕೆ ಕೊನೆ ಪುಟದಲ್ಲಿ ಗೀಟು.

ಮೂರು ವಾರಕ್ಕೆ ಮುಂಚೆ ಯಾವ ಅಂಕಿಯನ್ನೂ ಮುಟ್ಟಬೇಡಿ. ಒಂದೇ ದಿನದ ದಾಳ ಸುಳ್ಳು ಹೇಳುತ್ತದೆ.

ಒಬ್ಬನ ಕೈಯಲ್ಲಿ ನಾಲ್ಕು ಸರದಿ

ಲಕ್ಷಣ: ಶಿಲ್ಪಿ ಇದ್ದರೆ ಬೇರೆ ಯಾರೂ ಬೇಡ ಅನ್ನಿಸುವುದು.

ಶಿಲ್ಪಿಯ ಶಕ್ತಿ ಹೀಗಿತ್ತು: ಮೂರು ಮದನಿಕೆಯರಿಗೆ ಜೀವ ಕೊಟ್ಟು ಕಾದಾಟಕ್ಕೆ ಇಳಿಸಬಹುದು. (ಬೇಲೂರಿನಲ್ಲಿ ಮದನಿಕೆಯರು 42. ಅಷ್ಟನ್ನೂ ಕರೆಯಬಹುದಾ ಅಂತ ಅವನು ಮೊದಲ ದಿನವೇ ಕೇಳಿದ್ದ. ಆಗಲೇ ನನಗೆ ಗೊತ್ತಾಗಬೇಕಿತ್ತು.) ಪ್ರತಿ ಮದನಿಕೆಗೂ ಒಂದು ಏಟು, ಎಂಟು ಮುಖದ ದಾಳಕ್ಕೆ 1 ಕೂಡಿಸಿದಷ್ಟು ಹಾನಿ. ದೂರು ಬಂತು. ಎಂಟು ಮುಖದ ದಾಳ ತೆಗೆದು ಆರು ಮುಖದ್ದು ಕೊಟ್ಟೆ. ದೂರು ನಿಲ್ಲಲಿಲ್ಲ. ಆಮೇಲೆ ನಾಲ್ಕು ಮುಖದ್ದು ಕೊಟ್ಟೆ, ಅದೂ ಕಾದಾಟದ ಮಧ್ಯೆ, ಎಲ್ಲರ ಮುಂದೆ. ಶಿಲ್ಪಿ ಆಡುವವನಿಗೆ ಬೇಜಾರಾಗಿ ಎರಡು ವಾರ ಬರಲಿಲ್ಲ. ದೂರು ಆಗಲೂ ಹಾಗೇ ಇತ್ತು.

ನೋಟ್‌ಬುಕ್ ನೋಡಿ ಕಾಗದದ ಮೇಲೆ ಲೆಕ್ಕ ಹಾಕಿದಾಗ ವಿಷಯ ಬಯಲಾಯಿತು. ಲೆಕ್ಕ ಕಷ್ಟದ್ದೇನಲ್ಲ. ಏಟು ಬೀಳುವ ಸಾಧ್ಯತೆಯನ್ನು ಸರಾಸರಿ ಹಾನಿಯಿಂದ ಗುಣಿಸಬೇಕು, ಅಷ್ಟೇ. ದಾಳದ ಸರಾಸರಿ ಅಂದರೆ ಅದರ ದೊಡ್ಡ ಅಂಕಿಗೆ ಒಂದು ಸೇರಿಸಿ ಅರ್ಧ ಮಾಡುವುದು. ಆರು ಮುಖದ್ದಕ್ಕೆ 3.5, ಎಂಟಕ್ಕೆ 4.5, ಹತ್ತಕ್ಕೆ 5.5.

ಎದುರಾಳಿಯ ರಕ್ಷಣೆ 14 ಅಂತಿಟ್ಟುಕೊಳ್ಳಿ. ದಂಡನಾಯಕನ ಬಲ +6. ದಾಳದಲ್ಲಿ 8 ಅಥವಾ ಮೇಲೆ ಬಿದ್ದರೆ ಸಾಕು, ಅಂದರೆ ಶೇ 65. ಅವನ ಕತ್ತಿಗೆ ಹತ್ತು ಮುಖದ ದಾಳ, ಮೇಲೆ 4. ಸರಾಸರಿ 9.5. ಗುಣಿಸಿದರೆ ಒಂದು ಸುತ್ತಿಗೆ ಸುಮಾರು 6.2 ಹಾನಿ.

ಮದನಿಕೆಯ ಬಲ +4. ಶೇ 55. ಎಂಟು ಮುಖದ ದಾಳವಿದ್ದಾಗ ಒಬ್ಬಳಿಗೆ 3.02, ಮೂವರಿಗೆ ಒಂಬತ್ತು ಚಿಲ್ಲರೆ. ಅದರ ಮೇಲೆ ಶಿಲ್ಪಿ ತಾನೂ ಉಳಿ ಬೀಸುತ್ತಾನೆ, ಅದು 3. ಒಟ್ಟು 12.1. ಆರು ಮುಖಕ್ಕೆ ಇಳಿಸಿದಾಗ 10.4ರ ಹತ್ತಿರ. ನಾಲ್ಕು ಮುಖಕ್ಕೆ ಇಳಿಸಿದಾಗಲೂ 8.8. ಅಂದರೆ ಎರಡು ಸಲ ಕತ್ತರಿಸಿ, ಒಬ್ಬ ಗೆಳೆಯನ ಮುನಿಸು ಕಟ್ಟಿಕೊಂಡ ಮೇಲೂ ಅವನು ದಂಡನಾಯಕನಿಗಿಂತ ಮುಂದೆ. ಸಮ ಮಾಡಬೇಕಾದರೆ ಮದನಿಕೆಯ ಏಟನ್ನು ಸೊಳ್ಳೆ ಕಚ್ಚಿದಷ್ಟಕ್ಕೆ ಇಳಿಸಬೇಕಿತ್ತು.

ಇನ್ನೊಂದು ಕಾಲಂ ನೋಡಿ. ಒಂದು ಸುತ್ತು 11 ನಿಮಿಷ. ಅದರಲ್ಲಿ 6 ನಿಮಿಷ ಶಿಲ್ಪಿಯದೇ, ಯಾಕೆಂದರೆ ಅವನು ನಾಲ್ಕು ಸಲ ದಾಳ ಉರುಳಿಸಬೇಕು, ಮೂರು ಗೊಂಬೆ ಸರಿಸಬೇಕು. ಉಳಿದ ನಾಲ್ವರಿಗೆ ಸೇರಿ 5 ನಿಮಿಷ. ಫೋನ್ ನೋಡದೆ ಇನ್ನೇನು ಮಾಡುತ್ತಾರೆ? ಇದರ ಜೊತೆಗೆ ಎದುರಾಳಿಯ ಏಟುಗಳೆಲ್ಲ ಕಲ್ಲಿನ ಮೈಗೆ ಬೀಳುತ್ತಿದ್ದವು. ದಂಡನಾಯಕನ ದೊಡ್ಡ ಗುರಾಣಿಗೆ ಕೆಲಸವೇ ಇರಲಿಲ್ಲ.

ಹಾನಿಯ ದಾಳ ಯಾವುದಾದರೂ ಇರಲಿ, ಕಾಯಿಲೆ ಇದ್ದದ್ದು ಸರದಿಯ ಎಣಿಕೆಯಲ್ಲಿ. ಯಾರಾದರೂ ಪ್ರಾಣಿ, ಗೊಂಬೆ, ಆಳು, ಭೂತ ಏನೇ ಕರೆತಂದರೂ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇವರ ಕೈಯಲ್ಲಿ ಈಗ ಒಟ್ಟು ಎಷ್ಟು ಸರದಿ ಇದೆ?

ಪರಿಹಾರ: ಮೂವರು ಮದನಿಕೆಯರೂ ಶಿಲ್ಪಿಯ ಸರದಿಯಲ್ಲೇ, ಒಂದೇ ದಾಳದಲ್ಲಿ ಆಡುತ್ತಾರೆ. ಅವನು ಉಳಿ ಬೀಸಬೇಕು, ಇಲ್ಲವೇ ಅವರಿಗೆ ಅಪ್ಪಣೆ ಕೊಡಬೇಕು, ಎರಡರಲ್ಲಿ ಒಂದು. ಏಟು ಬಿದ್ದರೆ ಎರಡು ಆರು ಮುಖದ ದಾಳ, ಮೇಲೆ 3. ಸರಾಸರಿ 10, ಶೇ 55ರಲ್ಲಿ 5.5. ದಂಡನಾಯಕನಿಗಿಂತ ಚೂರು ಕಡಿಮೆ, ಆದರೆ ದಾರಿ ಅಡ್ಡಗಟ್ಟುವ ಅನುಕೂಲ ಇದೆಯಲ್ಲ, ಅಲ್ಲಿಗೆ ಸರಿ. ಒಂದು ಏಟು ಬಿದ್ದರೆ ಒಬ್ಬಳು ಒಡೆಯುತ್ತಾಳೆ. ಈಗ ಅವನ ಸರದಿಗೆ ಎರಡು ನಿಮಿಷವೂ ಬೇಡ. ಏಟಿಗೆ ದೊಡ್ಡ ದಾಳ ವಾಪಸ್ ಸಿಕ್ಕಿದ್ದಕ್ಕೆ ಅವನೂ ಖುಷಿ. ಕಡಿಮೆ ಮಾಡುವಾಗ ಏನಾದರೂ ಕೈಗೆ ಕೊಟ್ಟು ಕಡಿಮೆ ಮಾಡಿ, ಮತ್ತು ಆಟ ಮುಗಿದ ಮೇಲೆ ಕಾಫಿ ಕುಡಿಯುತ್ತಾ ಹೇಳಿ.

ನಿದ್ದೆ ಎಷ್ಟು ಸಲ?

ಲಕ್ಷಣ: ಮಂಜಿನವಳು ಪ್ರತಿ ಕಾದಾಟವನ್ನೂ ಮೊದಲ ಸುತ್ತಿನಲ್ಲೇ ಮುಗಿಸುವುದು.

ದಿನಕ್ಕೆ ಒಂದೇ ಸಲ ಬಳಸಬಹುದಾದ ದೊಡ್ಡ ಶಕ್ತಿ ಅವಳದು. ಓದಿದರೆ ನ್ಯಾಯವಾಗೇ ಇದೆ. ಆದರೆ ನೋಟ್‌ಬುಕ್ಕಿನಲ್ಲಿ ಮೂರು ವಾರಕ್ಕೆ ಮೂರು ಕಾದಾಟ, ಮೂರು ರಾತ್ರಿ ನಿದ್ದೆ. ದಿನಕ್ಕೊಂದೇ ಕಾದಾಟ ಇದ್ದರೆ 'ದಿನಕ್ಕೆ ಒಂದು ಸಲ' ಅನ್ನೋದು 'ಪ್ರತಿ ಕಾದಾಟಕ್ಕೂ' ಅಂತ ಆಗಿಬಿಡುತ್ತದೆ. ಕತ್ತಿಗೆ ನಿದ್ದೆ ಬೇಕಿಲ್ಲ, ಹಾಗಾಗಿ ದಂಡನಾಯಕನಿಗೆ ಆ ನಿದ್ದೆಯಿಂದ ಏನೂ ಲಾಭ ಇಲ್ಲ.

ಯಾಕೆ ದಿನಕ್ಕೊಂದೇ ಕಾದಾಟ? ಹುಡುಕಿದರೆ ಕಾರಣ ಸಕಲೇಶಪುರದ ಬಸ್ಸು! ಗೆಳೆಯ ಕತ್ತಲಾಗುವ ಮುಂಚೆ ಹೊರಡಬೇಕು. ಹಾಗಾಗಿ ಒಂದು ಕಾದಾಟ ಮುಗಿಸಿ, "ಸರಿ, ಎಲ್ಲರೂ ಮಲಗಿದಿರಿ" ಅಂತ ಹೇಳಿ ನಾನೇ ಆಟ ಕಟ್ಟುತ್ತಿದ್ದೆ. ಅವಳ ಶಕ್ತಿಯಲ್ಲಿ ತಪ್ಪಿರಲಿಲ್ಲ, ನನ್ನ ಗಡಿಯಾರದಲ್ಲಿ ಇತ್ತು.

ಈಗ ಆಟ ನಿಂತರೂ ಕತೆಯ ದಿನ ನಿಲ್ಲುವುದಿಲ್ಲ. ಪ್ರತಿಯೊಬ್ಬರ ಮುಂದೆ ಆರು ಕಾಫಿ ಬೀಜ. ದೊಡ್ಡ ಶಕ್ತಿಗೆ ಮೂರು, ಚಿಕ್ಕದಕ್ಕೆ ಒಂದು. ಶಕ್ತಿ ಇಲ್ಲದ ದಂಡನಾಯಕ ಒಂದು ಬೀಜ ಕೊಟ್ಟು ತಪ್ಪಿದ ಏಟನ್ನು ಮತ್ತೆ ಉರುಳಿಸಬಹುದು. ಹೊರಡುವ ಮುಂಚೆ ಉಳಿದ ಬೀಜಗಳ ಫೋಟೋ ತೆಗೆಯುತ್ತೇವೆ, ಮುಂದಿನ ವಾರ ಅಲ್ಲಿಂದಲೇ ಶುರು. ಪೂರ್ತಿ ನಿದ್ದೆ ಆಗಬೇಕಾದರೆ ತಲೆ ಮೇಲೆ ಸೂರು ಬೇಕು. ಮಳೆಗಾಲದಲ್ಲಿ ಬಿಸಿಲೆ ಕಾಡಿನಲ್ಲಿ ಇಂಬಳ ಕಚ್ಚಿಸಿಕೊಂಡು ಮಲಗಿದರೆ ಒಂದೇ ಬೀಜ ವಾಪಸ್. ಒಂದು ಸಲ ಇವರು ಮಂಜರಾಬಾದ್ ಕೋಟೆ ಮುಟ್ಟಲು ಒಂದೂವರೆ ಸೆಷನ್ ಒದ್ದಾಡಿದರು. 1792ರಲ್ಲಿ ಟಿಪ್ಪು ಕಟ್ಟಿಸಿದ ಆ ನಕ್ಷತ್ರದ ಆಕಾರದ ಕೋಟೆಯೊಳಗೆ ಒಣಗಿದ ಕೋಣೆ ಸಿಕ್ಕಾಗ ಆದ ಸಂತೋಷ, ಯಾವ ನಿಧಿ ಸಿಕ್ಕಾಗಲೂ ಆಗಿರಲಿಲ್ಲ.

ಹಾನಿ ಇಲ್ಲದ ಶಕ್ತಿಯೇ ಹೆಚ್ಚು ಅಪಾಯ

ಬೀಜದ ಲೆಕ್ಕ ಬಂದ ಮೇಲೂ ಮಂಜಿನವಳ ಒಂದು ತೊಂದರೆ ಉಳಿಯಿತು. ಮುಳ್ಳಯ್ಯನಗಿರಿಯ ಮೇಲೆ ಒಂದು ದೊಡ್ಡ ರಾಕ್ಷಸನನ್ನು ಇಟ್ಟಿದ್ದೆ. ಮೂರು ವಾರ ಅದರ ಬಗ್ಗೆ ಕತೆ ಕಟ್ಟಿದ್ದೆ, ದನಿ ಕೂಡ ಅಭ್ಯಾಸ ಮಾಡಿದ್ದೆ. ಅವಳು ಮಂಜು ಕವಿಸಿದಳು, ಅವನಿಗೆ ದಿಕ್ಕು ತಪ್ಪಿತು, ಸರದಿ ಹೋಯಿತು. ಮುಂದಿನ ಸುತ್ತು ಮತ್ತೆ ಹೋಯಿತು. ಮತ್ತೆ. ಒಂದು ಮಾತೂ ಆಡದೆ ಮೈಲಿಗಲ್ಲಿನ ಹಾಗೆ ನಿಂತಲ್ಲೇ ಸತ್ತ.

ಈ ಬಗೆಯ ಶಕ್ತಿಗೆ ಹಾನಿಯ ಅಂಕಿ ಇರುವುದಿಲ್ಲ, ಹಾಗಾಗಿ ಪರೀಕ್ಷೆ ಮಾಡುವಾಗ ಕಣ್ಣಿಗೆ ಬೀಳುವುದಿಲ್ಲ. ಆರು ಜನ ಕಳ್ಳರಲ್ಲಿ ಒಬ್ಬನ ಸರದಿ ಹೋದರೆ ಅವರ ಬಲ ಆರರಲ್ಲಿ ಒಂದು ಪಾಲು ಕಮ್ಮಿ. ಒಬ್ಬನೇ ರಾಕ್ಷಸನ ಸರದಿ ಹೋದರೆ ಪೂರ್ತಿ ಹೋಯಿತು. ಒಂದೇ ಶಕ್ತಿ, ಎರಡು ಬೆಲೆ.

ಅವನು ಮಂಜಿಗೆ ಸಿಕ್ಕಿಬೀಳುವ ಸಾಧ್ಯತೆ ಪ್ರತಿ ಸಲ ಶೇ 60 ಇತ್ತು. ಸತತ ಮೂರು ಸಲ ಸಿಕ್ಕಿಬೀಳುವುದು ಶೇ 21.6. ಐದು ಸಲಕ್ಕೆ ಒಂದು ಸಲ ಆಗಿಯೇ ಆಗುವಂಥದ್ದು, ನನ್ನ ದುರದೃಷ್ಟ ಅಂತ ಹೇಳುವ ಹಾಗಿಲ್ಲ. ಈಗಿನ ನಿಯಮ: ಒಂದು ಸಲ ಮಂಜಿಗೆ ಸಿಕ್ಕವನು ಮುಂದಿನ ಸಲ ತಪ್ಪಿಸಿಕೊಳ್ಳಲು +5 ಪಡೆಯುತ್ತಾನೆ, ಅದರ ಮುಂದಿನ ಸಲ +10. ಇಪ್ಪತ್ತು ಮುಖದ ದಾಳದಲ್ಲಿ +5 ಅಂದರೆ ಶೇ 25. ಹಾಗಾಗಿ 60, ಆಮೇಲೆ 35, ಆಮೇಲೆ 10. ಮೂರೂ ಸಲ ಸಿಕ್ಕಿಬೀಳುವುದು ಈಗ ಶೇ 2.1. ಮೊದಲ ಸಲದ ಮಜಾ ಅವಳಿಗೆ ಹಾಗೇ ಉಳಿಯಿತು. ಇಬ್ಬರು ಭಂಟರನ್ನು ರಾಕ್ಷಸನ ಪಕ್ಕ ನಿಲ್ಲಿಸಿದ್ದರೂ ಅರ್ಧ ಕಾಯಿಲೆ ವಾಸಿಯಾಗುತ್ತಿತ್ತು. ಒಂಟಿ ರಾಕ್ಷಸ ಕತೆಗೆ ಚೆಂದ, ಟೇಬಲ್ಲಿಗೆ ಬಡಪಾಯಿ.

+1 ಅಂದರೆ ಎಷ್ಟು

ಚೌಕಾಬಾರ ಆಡಿದವರಿಗೆ ಇದು ಬೇಗ ಹತ್ತುತ್ತದೆ. ನಾಲ್ಕು ಕವಡೆ ಎಸೆದರೆ ಎರಡು ಬೀಳುವುದೇ ಹೆಚ್ಚು. ಕವಡೆ ಎರಡೂ ಕಡೆ ಸಮವಾಗಿ ಬೀಳುತ್ತದೆ ಅಂದುಕೊಂಡರೆ 16 ಬಗೆಯಲ್ಲಿ ಆರು ಬಗೆ 'ಎರಡು', 'ಚೌಕ' ಒಂದೇ ಬಗೆ, 'ಬಾರ'ವೂ ಒಂದೇ ಬಗೆ. ಹಾಗಾಗಿ ಕವಡೆಗೆ ನಡುವಿನ ಅಂಕಿ ಇಷ್ಟ. ಇಪ್ಪತ್ತು ಮುಖದ ದಾಳಕ್ಕೆ ಅಂಥ ಪ್ರೀತಿ ಇಲ್ಲ. 1 ಬೀಳುವುದೂ 11 ಬೀಳುವುದೂ ಶೇ 5.

ಅದಕ್ಕೇ +1 ಯಾವಾಗಲೂ ಶೇ 5. ಆದರೆ ಅದರ ಬೆಲೆ ಯಾವಾಗಲೂ ಒಂದೇ ಅಲ್ಲ. ಏಟು ಬೀಳುವ ಸಾಧ್ಯತೆ 80ರಿಂದ 85 ಆದರೆ ಯಾರಿಗೂ ಗೊತ್ತಾಗುವುದಿಲ್ಲ. 10ರಿಂದ 15 ಆದರೆ ಒಂದೂವರೆ ಪಟ್ಟು. 'ಎರಡು ದಾಳ ಉರುಳಿಸಿ ದೊಡ್ಡದನ್ನು ತಗೋ' ಅನ್ನುವ ವರವೂ ಹಾಗೇ. 11 ಬೇಕಿದ್ದಾಗ ಶೇ 50 ಇದ್ದದ್ದು 75 ಆಗುತ್ತದೆ, 20ಏ ಬೇಕಿದ್ದಾಗ 5ರಿಂದ 9.75ಕ್ಕೆ ಮಾತ್ರ ಏರುತ್ತದೆ.

ರಕ್ಷಣೆಯಲ್ಲಿ ಇದು ಕಳ್ಳನ ಹಾಗೆ ನುಗ್ಗುತ್ತದೆ. ದಂಡನಾಯಕ ಒಂದು ಕಡೆ ಗುರಾಣಿಗೆ +2, ಇನ್ನೊಂದು ಕಡೆ ತಾಯಿತಕ್ಕೆ +2, ಶಿಲ್ಪಿಯಿಂದ ಕಲ್ಲಿನ ಕವಚಕ್ಕೆ +2 ತಗೊಂಡು 14 ಇದ್ದ ರಕ್ಷಣೆಯನ್ನು 20 ಮಾಡಿಕೊಂಡ. +5 ಬಲದ ಎದುರಾಳಿಗೆ ಶೇ 60 ಇದ್ದದ್ದು 30ಕ್ಕೆ ಬಂತು, ಅರ್ಧ. ಒಂದೊಂದೇ ನೋಡಿದರೆ ಯಾವುದೂ ಜಾಸ್ತಿ ಅಲ್ಲ. ರಕ್ಷಣೆಗೆ ಎರಡು ಮೂಲ ಮಾತ್ರ, ಮೂರನೆಯದು ಸೇರುವುದಿಲ್ಲ ಅಂತ ನಿಯಮ ಮಾಡಿ ಮುಗಿಸಿದೆ.

ಚೀಟಿ ಅದಲು ಬದಲು

ಲೆಕ್ಕ ಎಲ್ಲ ಸರಿ ಇದೆ, ಆದರೂ ಒಬ್ಬರದೇ ಮೇಲುಗೈ. ಹಾಗಿದ್ದರೆ ಒಂದು ಭಾನುವಾರ ಪಾತ್ರದ ಚೀಟಿಗಳನ್ನು ಅದಲು ಬದಲು ಮಾಡಿ, ಕತೆಗೆ ಸೇರದ ಒಂದು ಕಾದಾಟ ಆಡಿ. ಸ್ಪಾರ್ಕ್ ಪ್ಲಗ್ ಬದಲಿಸಿ ನೋಡುವ ಹಾಗೆ. ತೊಂದರೆ ಚೀಟಿಯ ಜೊತೆ ಹೋದರೆ ದೋಷ ಪಾತ್ರದ್ದು. ಮನುಷ್ಯನ ಜೊತೆ ಹೋದರೆ ದೋಷ ಪಾತ್ರದ್ದಲ್ಲ.

ನಮ್ಮಲ್ಲಿ ಬೇಟೆಗಾರ್ತಿಯ ಬಗ್ಗೆ ದೂರಿತ್ತು. ಚೀಟಿ ಬದಲಿಸಿದರೆ, ಆಕೆಯನ್ನು ಆಡುವವಳು ಅಂಬಿಗನನ್ನು ಹಿಡಿದೂ ಎಲ್ಲರಿಗಿಂತ ಮುಂದೆ! ಅವಳು ನಿಯಮ ಓದಿಕೊಂಡು ಬರುತ್ತಾಳೆ, ತನ್ನ ಸರದಿಗೆ ಮುಂಚೆಯೇ ಯೋಚಿಸಿರುತ್ತಾಳೆ. ಅದಕ್ಕೆ ಶಿಕ್ಷೆ ಕೊಡುವುದಾ? ಉಳಿದವರಿಗೆ ಅರ್ಧ ಪುಟದಲ್ಲಿ 'ನಿನ್ನ ಸರದಿಯಲ್ಲಿ ಏನೇನು ಮಾಡಬಹುದು' ಅಂತ ಬರೆದುಕೊಟ್ಟೆ. ವ್ಯತ್ಯಾಸ ಬಹಳ ಮಟ್ಟಿಗೆ ಹೋಯಿತು.

ಅಂಬಿಗನಿಗೆ ಹೊಳೆ ಎಲ್ಲಿ?

ಜಾಸ್ತಿ ಬಲದ ಪಾತ್ರಕ್ಕೆ ದೂರು ಬರುತ್ತದೆ. ಬಲ ಕಡಿಮೆ ಇರುವವರು ದೂರು ಕೊಡುವುದಿಲ್ಲ, ಸುಮ್ನೆ ಇರುತ್ತಾರೆ. ಅದಕ್ಕೆ ಈ ದೋಷ ನಾನು ಕಂಡುಹಿಡಿದದ್ದು ಎಲ್ಲಕ್ಕಿಂತ ಕೊನೆಗೆ.

ಅಂಬಿಗನನ್ನು ಆಡುವವನು ಕಾಲೇಜು ಹುಡುಗ, ನಮ್ಮೆಲ್ಲರಿಗಿಂತ ಚಿಕ್ಕವನು. ಅವನ ಚೀಟಿಯಲ್ಲಿ ಈಜು, ದೋಣಿ, ನೀರಿನ ಹರಿವು ಓದುವುದು, ಹೊಳೆ ದಾಟಿಸುವಾಗ ಜನರ ಬಾಯಿಂದ ಸುದ್ದಿ ಕೇಳಿಕೊಳ್ಳುವುದು, ಎಲ್ಲ ಚೆನ್ನಾಗಿತ್ತು. ಅಂಕಿಗಳಲ್ಲೂ ಯಾರಿಗೂ ಕಡಿಮೆ ಇರಲಿಲ್ಲ. ಹಾನಿಯ ದಾಳ ಒಂದು ಮಟ್ಟ ಏರಿಸಿಕೊಡಲಾ ಅಂತ ಕೇಳಿದೆ.

"ದಾಳ ಬೇಡ ಅಣ್ಣ" ಅಂದ. "ನನ್ನ ದೋಣಿ ಎಲ್ಲಿ ಬಿಡ್ಲಿ? ಬೆಟ್ಟದ ಮೇಲಾ?"

ನೋಟ್‌ಬುಕ್ಕಿನ ಕೊನೆ ಪುಟ ತೆಗೆದೆ. ಬೇಟೆಗಾರ್ತಿಯ ಕೆಲಸ ಬೇಕಾದದ್ದು ಒಂಬತ್ತು ಸಲ. ಶಿಲ್ಪಿಯದು ಐದು. ಮಂಜಿನವಳದು ನಾಲ್ಕು. ದಂಡನಾಯಕನದು ನಾಲ್ಕು. ಅಂಬಿಗನದು ಸೊನ್ನೆ. ಮೂರು ವಾರ ಕತೆಯನ್ನು ಘಟ್ಟ ಹತ್ತಿಸಿ ಇಳಿಸಿದ್ದೆ. ಒಂದು ಹಳ್ಳ ಕೂಡ ಇಟ್ಟಿರಲಿಲ್ಲ. ಹೇಮಾವತಿ ಹರಿಯುವ ಜಿಲ್ಲೆಯಲ್ಲಿ ಕೂತು!

ಮುಂದಿನ ಕತೆ ಶೆಟ್ಟಿಹಳ್ಳಿಗೆ ಹೋಯಿತು. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗಿ, ಬೇಸಿಗೆಗೆ ಮೇಲೇಳುವ ಆ ಹಳೇ ಚರ್ಚು ಹಾಸನದವರಿಗೆಲ್ಲ ಗೊತ್ತು. ಆಟದಲ್ಲಿ ಅದು ಪೂರ್ತಿ ತುಂಬಿದ ತಿಂಗಳು. ಒಳಗೆ ಏನೋ ಇದೆ, ಹೋಗಬೇಕು, ನೀರು ಏರುತ್ತಿದೆ. ದಂಡನಾಯಕನಿಗೆ ಕಬ್ಬಿಣದ ಅಂಗಿ, ನೀರಿಗಿಳಿದರೆ ಮುಳುಗುತ್ತಾನೆ. ಮದನಿಕೆಯರು ಕಲ್ಲು, ಕೇಳುವುದೇ ಬೇಡ. ಎರಡು ಗಂಟೆ ಕಾಲ ಎಲ್ಲರೂ ಆ ಹುಡುಗನ ಮುಖ ನೋಡುತ್ತಿದ್ದರು. ಅವನ ಚೀಟಿಯಲ್ಲಿ ಒಂದು ಅಂಕಿಯನ್ನೂ ನಾನು ಮುಟ್ಟಿರಲಿಲ್ಲ. ಅವತ್ತು ಟೇಬಲ್ ಮೇಲೆ ಒಂದೂ ಫೋನ್ ಇರಲಿಲ್ಲ.

ಈಗ ಪ್ರತಿ ಸೆಷನ್ ಬರೆದ ಮೇಲೆ ಐದು ಹೆಸರು ಒಂದು ಕಡೆ ಬರೆದು, ಒಬ್ಬೊಬ್ಬರಿಗೂ 'ಇವರಿಲ್ಲದಿದ್ದರೆ ಆಗದು' ಅನ್ನುವ ಒಂದು ಜಾಗ ಇದೆಯಾ ಅಂತ ಗೀಟು ಹಾಕುತ್ತೇನೆ. ಪ್ರತಿ ವಾರ ಐದೂ ಆಗುವುದಿಲ್ಲ. ಆದರೆ ಎರಡು ವಾರ ಸತತ ಸೊನ್ನೆ ಯಾರಿಗೂ ಬರಕೂಡದು.

ಹೊಸ ಶಕ್ತಿ ಒಳಗೆ ಬಿಡುವ ಮುಂಚೆ

ದಂಡನಾಯಕನ 6.2 ನಮ್ಮ ಅಳತೆಗೋಲು. ಯಾರು ಹೊಸ ಶಕ್ತಿ ತಂದರೂ ಅದಕ್ಕೆ ಹಿಡಿದು ನೋಡುತ್ತೇನೆ. ಪ್ರತಿ ಸುತ್ತೂ ಬಳಸುವಂಥದ್ದಾದರೆ 5ರಿಂದ 7ರ ಒಳಗೆ. ಮೂರು ಬೀಜದ ಶಕ್ತಿಯಾದರೆ 15ರವರೆಗೂ ಬಿಡುತ್ತೇನೆ, ಇದು ನನ್ನ ಅಂದಾಜು, ನಿಮ್ಮ ಟೇಬಲ್ಲಿಗೆ ಬೇರೆ ಇರಬಹುದು. ಎದುರಾಳಿಯ ಸರದಿ ಕಸಿಯುವ ಶಕ್ತಿಯಾದರೆ ಒಂಟಿ ರಾಕ್ಷಸನ ಮೇಲೆ ಮೊದಲು ಪರೀಕ್ಷೆ. ಮನೆಯಲ್ಲಿ ಒಬ್ಬನೇ ಕೂತು ಹತ್ತು ಸುತ್ತು ಉರುಳಿಸಿ ನೋಡಲು ಅರ್ಧ ಗಂಟೆ ಸಾಕು. ವಿಚಿತ್ರ ಪ್ರಶ್ನೆಗಳನ್ನೂ ಕೇಳಿಕೊಳ್ಳಿ: ಇದನ್ನು ದೂರದಿಂದ ಮಾಡಬಹುದಾ, ಮುಚ್ಚಿದ ಬಾಗಿಲಾಚೆಯಿಂದ ಮಾಡಬಹುದಾ, ಇಬ್ಬರು ಒಟ್ಟಿಗೆ ಮಾಡಿದರೆ ಏನಾಗುತ್ತದೆ?

'ದೂರದಿಂದ' ಅನ್ನೋದೇ ಈಗ ನನ್ನ ತಲೆನೋವು. ಬೇಟೆಗಾರ್ತಿಯ ಬಾಣ ನೂರು ಹೆಜ್ಜೆ ಹೋಗುತ್ತದೆ. ಕಾಡೊಳಗೆ ಮರ ಅಡ್ಡ ಬರುತ್ತವೆ, ಪರವಾಗಿಲ್ಲ. ಆದರೆ ಕತೆ ಈಗ ಬಾಬಾಬುಡನ್‌ಗಿರಿಯ ಹುಲ್ಲುಗಾವಲಿಗೆ ಬಂದಿದೆ, ಅಲ್ಲಿ ಮರೆಯೇ ಇಲ್ಲ. ಎದುರಾಳಿ ಹತ್ತಿರ ಬರುವ ಮುಂಚೆ ನಾಲ್ಕು ಬಾಣ ಬಿದ್ದಿರುತ್ತದೆ. ಅವಳ ಬಿಲ್ಲು ಮುಟ್ಟುವ ಯೋಚನೆ ಇಲ್ಲ. ಆ ಬೆಟ್ಟದಲ್ಲಿ ಮಂಜು ಇಳಿದರೆ ಹತ್ತು ಹೆಜ್ಜೆ ಆಚೆ ಏನೂ ಕಾಣುವುದಿಲ್ಲ, ಹೋಗಿ ಬಂದವರಿಗೆ ಗೊತ್ತು. ಪ್ರತಿ ಸುತ್ತಿನ ಶುರುವಿಗೆ ಒಂದು ಆರು ಮುಖದ ದಾಳ: 1 ಅಥವಾ 2 ಬಿದ್ದರೆ ಮಂಜು ಇಳಿಯಿತು, 6 ಬಿದ್ದರೆ ತೆರೆಯಿತು. ಈ ಭಾನುವಾರ ನೋಡಬೇಕು. ಮಂಜು ಕರೆಯುವವಳು ಆಗಲೇ ಕೇಳಿದ್ದಾಳೆ, ಆ ದಾಳವನ್ನು ಒಂದು ಬೀಜಕ್ಕೆ ತಿರುಗಿಸಬಹುದಾ ಅಂತ. ಲೆಕ್ಕ ಹಾಕ್ತಿದ್ದೀನಿ.